ಮಹಾಸ್ಫೋಟ ನಡೆದದ್ದು ಎಲ್ಲಿ? ನನ್ನ ಮಗಳ ಉತ್ತರ ಸರಿಯಾಗಿತ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಇಳಕಲ್‌ನಲ್ಲಿ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಜಂಪರ್, ಪರಕಾರ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಪಿಯುಸಿವರೆಗೆ ಸೈನ್ಸ್ ಓದಿದವಳು. ಆಮೇಲೆ ಮದುವೆಯಾಯಿತು, ಕಾಲೇಜು ಅಲ್ಲಿಗೆ ನಿಂತಿತು. ಓದುವ ಆಸೆ ಮಾತ್ರ ನಿಲ್ಲಲಿಲ್ಲ. ನಿಮ್ಮ ಪತ್ರಿಕೆ ನಮ್ಮ ಮನೆಗೆ 15 ವರ್ಷದಿಂದ ಬರುತ್ತಿದೆ. ಪತ್ರ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗಿದೆ. ಆದರೂ ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನ ಮಗಳು 9ನೇ ತರಗತಿಯಲ್ಲಿದ್ದಾಳೆ. ಹೋದ ತಿಂಗಳು ಒಂದು ರಸಪ್ರಶ್ನೆ ಸ್ಪರ್ಧೆಗೆ ಅವಳ ಶಾಲೆಯಿಂದ ಮೂವರು ಹೋಗಿದ್ದರು. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕೊನೆಯ ಸುತ್ತಿನಲ್ಲಿ ಇವರಿಗೆ ಬಂದ ಪ್ರಶ್ನೆ: "ಮಹಾಸ್ಫೋಟ ವಿಶ್ವದ ಯಾವ ಭಾಗದಲ್ಲಿ ನಡೆಯಿತು?" ಮಹಾಸ್ಫೋಟ ಅಂದರೆ ಇಂಗ್ಲಿಷಿನಲ್ಲಿ ಬಿಗ್ ಬ್ಯಾಂಗ್, ನಮ್ಮ ವಿಶ್ವ ಶುರುವಾದ ಘಟನೆ. ಉಳಿದ ಇಬ್ಬರು ಇವಳ ಮುಖ ನೋಡಿದರು. ಇವಳು ಮೈಕ್ ತಗೊಂಡು, "ಎಲ್ಲಾ ಕಡೆ ಆಗೇತ್ರಿ ಸರ್. ಈ ಹಾಲ್‌ನ್ಯಾಗೂ ಆಗೇತಿ" ಅಂದಳು. ಹಾಲ್ ತುಂಬಾ ನಗು. ಪ್ರಶ್ನೆ ಕೇಳುತ್ತಿದ್ದವರೂ ನಕ್ಕರು. ಕೈಯಲ್ಲಿದ್ದ ಕಾರ್ಡ್ ನೋಡಿ, "ತಪ್ಪು. ವಿಶ್ವದ ಕೇಂದ್ರಬಿಂದುವಿನಲ್ಲಿ" ಎಂದು ಓದಿ ಮುಂದಿನ ತಂಡಕ್ಕೆ ಹೋದರು.

ಬಹುಮಾನ ಹೋಯಿತು ಅಂತ ನನಗೆ ಬೇಜಾರಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು, "ಯವ್ವಾ, ನಾ ತಪ್ಪು ಹೇಳಿನೇನು?" ಇಲ್ಲ, ನೀ ಹೇಳಿದ್ದೇ ಸರಿ ಅಂದೆ. ಅವಳು ನಂಬಲಿಲ್ಲ. ಕಾರ್ಡಿನಲ್ಲಿ ಅಚ್ಚಾಗಿದ್ದ ಮಾತು ದೊಡ್ಡದಾಗಿ ಕಂಡಿತ್ತು. ಅದಾದ ಒಂದು ವಾರಕ್ಕೆ ನಿಮ್ಮ ವಿದ್ಯಾರ್ಥಿ ಪುಟದಲ್ಲೂ ಒಂದು ಚಿತ್ರ ಬಂತು. ಸುತ್ತಲೂ ಕಪ್ಪು ಖಾಲಿ ಜಾಗ. ನಟ್ಟನಡುವೆ ಒಂದು ಬೆಂಕಿಯ ಉಂಡೆ. ಅದರಿಂದ ನಾಲ್ಕೂ ಕಡೆ ಸಿಡಿಯುತ್ತಿರುವ ನಕ್ಷತ್ರಗಳು. ಉಂಡೆಗೆ ಬಾಣದ ಗುರುತು ಹಾಕಿ "ವಿಶ್ವ ಹುಟ್ಟಿದ ಸ್ಥಳ" ಅಂತ ಬರೆದಿತ್ತು. ಅವಳು ಆ ಪುಟ ತಂದು ನನ್ನ ಮಷಿನ್ ಮೇಲೆ ಇಟ್ಟು, ಏನೂ ಹೇಳದೆ ಒಳಗೆ ಹೋದಳು. ಅದಕ್ಕೇ ಈ ಪತ್ರ.

ಆ ಚಿತ್ರದಲ್ಲಿ ಇರುವುದು ನಮ್ಮೂರ ಕ್ವಾರಿ. ಇಳಕಲ್ ಸುತ್ತಮುತ್ತ ಕೆಂಪು ಗ್ರಾನೈಟ್ ತೆಗೆಯುತ್ತಾರೆ, ನಿಮಗೂ ಗೊತ್ತಿರುತ್ತದೆ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಹಾರಿಸುತ್ತಾರೆ. ಢಂ ಅಂದ ಮೇಲೆ ಚೂರುಗಳು ಆಚೆ ಈಚೆ ಸಿಡಿಯುತ್ತವೆ. ಅಲ್ಲಿ ಮದ್ದು ಇಟ್ಟ ಜಾಗ ಒಂದು ಇರುತ್ತದೆ. ಮರುದಿನ ಹೋಗಿ ಇದೇ ಜಾಗ ಅಂತ ಬೊಟ್ಟು ಮಾಡಿ ತೋರಿಸಬಹುದು. ಕಲ್ಲು ಸಿಡಿದು ಬೀಳುವುದಕ್ಕೆ ಸುತ್ತ ಬಯಲು ಮೊದಲೇ ಇರುತ್ತದೆ. "ಸ್ಫೋಟ" ಅನ್ನುವ ಶಬ್ದ ಕೇಳಿದ ಕೂಡಲೇ ನಮಗೆ ಇದೇ ನೆನಪಾಗುತ್ತದೆ. ತಪ್ಪು ಶುರುವಾಗುವುದೂ ಇಲ್ಲೇ.

ವಿಶ್ವದ ಹುಟ್ಟಿನಲ್ಲಿ ಹಾಗೆ ಮೊದಲೇ ಖಾಲಿ ಬಿದ್ದಿದ್ದ ಬಯಲು ಇರಲಿಲ್ಲ. ಯಾವುದೋ ಜಾಗದಲ್ಲಿ ಇದ್ದ ವಸ್ತು ಸಿಡಿದು ಸುತ್ತಲಿನ ಜಾಗಕ್ಕೆ ಹರಡಿದ್ದಲ್ಲ. ಜಾಗವೇ ಹಿಗ್ಗಿದ್ದು. ಇವತ್ತಿಗೂ ಹಿಗ್ಗುತ್ತಲೇ ಇದೆ. ಇದಕ್ಕೆ ದಾರಿ ಮಾಡಿಕೊಟ್ಟದ್ದು 1915ರಲ್ಲಿ ಐನ್‌ಸ್ಟೈನ್ ಮಂಡಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ. ಜಾಗ ಅನ್ನುವುದು ನಾಟಕದ ಸ್ಟೇಜಿನ ಹಾಗೆ ಸುಮ್ನೆ ಬಿದ್ದಿರುವುದಲ್ಲ, ಅದೂ ಬಾಗುತ್ತದೆ, ಅದೂ ಹಿಗ್ಗಬಹುದು. 1922ರಲ್ಲಿ ರಷ್ಯಾದ ಫ್ರೀಡ್‌ಮನ್, 1927ರಲ್ಲಿ ಬೆಲ್ಜಿಯಂನ ಪಾದ್ರಿ ಲೆಮೈಟ್ರ್ ಅದೇ ಲೆಕ್ಕ ಹಿಡಿದು ವಿಶ್ವ ಹಿಗ್ಗುತ್ತಿರಬಹುದು ಅಂತ ತೋರಿಸಿದರು. 1929ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ 100 ಇಂಚಿನ ದೂರದರ್ಶಕದಿಂದ ಎಡ್ವಿನ್ ಹಬಲ್ ಅಳೆದು ಹೇಳಿದರು: ಗೆಲಾಕ್ಸಿಗಳು, ಅಂದರೆ ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳು, ನಮ್ಮಿಂದ ದೂರ ಓಡುತ್ತಿವೆ, ಜಾಸ್ತಿ ದೂರ ಇದ್ದದ್ದು ಜಾಸ್ತಿ ವೇಗದಲ್ಲಿ ಓಡುತ್ತಿದೆ.

ಇಲ್ಲಿ ಯಾರಿಗಾದರೂ ಒಂದು ಅನುಮಾನ ಬರುತ್ತದೆ. ಎಲ್ಲ ನಮ್ಮಿಂದಲೇ ಓಡುತ್ತಿದ್ದರೆ ನಾವೇ ನಡುವೆ ಇದ್ದೇವೆ ಅಂತಾಯಿತಲ್ವಾ? ನನ್ನ ಮಗಳೂ ಇದನ್ನೇ ಕೇಳಿದ್ದಳು. ಅವಳಿಗೆ ತೋರಿಸಲು ನನ್ನ ಹತ್ತಿರ ಇದ್ದದ್ದು ಇಲಾಸ್ಟಿಕ್. ಪರಕಾರಕ್ಕೆ, ಫ್ರಾಕಿಗೆ ಹಾಕುವ ಇಲಾಸ್ಟಿಕ್ ನಮ್ಮಲ್ಲಿ ಸುತ್ತಿಗಟ್ಟಲೆ ಇರುತ್ತದೆ. ಒಂದು ತುಂಡು ಕತ್ತರಿಸಿ, ಟೇಪ್ ಇಟ್ಟು, 2 ಸೆಂಟಿಮೀಟರಿಗೆ ಒಂದರಂತೆ ಪೆನ್ನಿನಿಂದ ಐದು ಗೆರೆ ಹಾಕಿಸಿದೆ. ಅ, ಆ, ಇ, ಈ, ಉ ಅಂತ ಅವಳೇ ಹೆಸರು ಬರೆದಳು. ಆಮೇಲೆ ಎರಡೂ ತುದಿ ಹಿಡಿದು ಉದ್ದ ಎರಡರಷ್ಟಾಗುವ ತನಕ ಎಳೆದೆವು.

ಈಗ 'ಇ' ಮೇಲೆ ಒಂದು ಇರುವೆ ಕೂತಿದೆ ಅನ್ನಿ. ಅದರ ಪಕ್ಕದ 'ಆ', 'ಈ' ಎರಡೂ 2 ಸೆಂಟಿಮೀಟರ್ ದೂರ ಇದ್ದವು, ಈಗ 4 ಆದವು. ಅಂದರೆ 2 ಸೆಂಟಿಮೀಟರ್ ದೂರ ಸರಿದವು. ಅವುಗಳ ಆಚೆಯ 'ಅ', 'ಉ' 4ರಲ್ಲಿ ಇದ್ದವು, ಈಗ 8. ಅಂದರೆ 4 ಸರಿದವು. ದೂರ ಇದ್ದದ್ದು ಜಾಸ್ತಿ ಓಡಿತು. ಹಬಲ್ ಕಂಡದ್ದು ಇದೇ. ಹಾಗಾದರೆ 'ಇ' ನಡುವೆ ಇರುವುದಕ್ಕೆ ಹೀಗಾಯಿತೇ? ಇರುವೆಯನ್ನು ಎತ್ತಿ 'ಅ' ಮೇಲೆ ಕೂರಿಸಿ. 'ಆ' 2 ಸರಿಯಿತು, 'ಇ' 4, 'ಈ' 6, 'ಉ' 8. ಅಲ್ಲಿ ಕೂತರೂ ಅದೇ ಲೆಕ್ಕ, ಅದೇ ನೋಟ. ಯಾವ ಗೆರೆ ಮೇಲೆ ಕೂತರೂ ಎಲ್ಲರೂ ನನ್ನಿಂದಲೇ ದೂರ ಹೋಗುತ್ತಿದ್ದಾರೆ ಅಂತಲೇ ಅನಿಸುತ್ತದೆ.

ಇನ್ನು ಇಲಾಸ್ಟಿಕ್ ಸಡಿಲ ಬಿಡಿ. ಅಂದರೆ ಕಾಲವನ್ನು ಹಿಂದಕ್ಕೆ ಓಡಿಸಿ. ಎಲ್ಲ ಗೆರೆಗಳೂ ಒಂದಕ್ಕೊಂದು ಹತ್ತಿರ ಬರುತ್ತವೆ. 'ಅ' ಹೇಳುತ್ತದೆ, ಎಲ್ಲರೂ ನನ್ನ ಹತ್ತಿರ ಬಂದರು, ಶುರುವಾದದ್ದು ನನ್ನಲ್ಲೇ. 'ಉ' ಕೂಡ ಹಾಗೇ ಹೇಳುತ್ತದೆ. 'ಇ'ಯದೂ ಅದೇ ಮಾತು. ಇವುಗಳಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ. ಎಲ್ಲ ಗೆರೆಗೂ ಅದು ತನ್ನದೇ ಜಾಗ. ನನ್ನ ಮಗಳು "ಎಲ್ಲಾ ಕಡೆ" ಅಂದದ್ದು ಇದನ್ನೇ. ಈ ಹಾಲ್‌ನಲ್ಲೂ ಆಗಿದೆ ಅಂದದ್ದೂ ಇದನ್ನೇ. ಆ ಹಾಲ್ ಕಟ್ಟಿದ ನೆಲ ಆಗ ಇರಲಿಲ್ಲ, ಭೂಮಿಯೂ ಇರಲಿಲ್ಲ, ನಿಜ. ಆದರೆ ಈಗ ಆ ಹಾಲ್ ಇರುವ ಜಾಗವೂ ಆಗ ಒತ್ತೊತ್ತಾಗಿ, ಕಾದು ಕೆಂಡವಾಗಿದ್ದ ಅದೇ ಜಾಗದ ಪಾಲು. ನನ್ನ ಮಷಿನ್ ಇರುವ ಮೂಲೆಯೂ ಅಷ್ಟೇ. ನಿಮ್ಮ ಕಚೇರಿಯ ಮೇಜೂ ಅಷ್ಟೇ.

ಆದರೆ ಅವಳು ಅಷ್ಟಕ್ಕೇ ಬಿಡಲಿಲ್ಲ. "ಇಲಾಸ್ಟಿಕ್‌ಗೆ ಎರಡು ತುದಿ ಅದಾವಲ್ಲ, ತುದಿ ಇದ್ದ ಮ್ಯಾಲ ನಡು ಇರ್ಬೇಕಲ್ಲ?" ಅಂದಳು. ಸರಿಯಾದ ಪ್ರಶ್ನೆ. ನಾನು ಎರಡೂ ತುದಿ ಸೇರಿಸಿ ಮಷಿನ್ ಮೇಲೆ ಒಂದು ಹೊಲಿಗೆ ಹಾಕಿದೆ. ಪರಕಾರದ ಸೊಂಟಕ್ಕೆ ಹಾಕುವಾಗ ದಿನಾ ಮಾಡುವ ಕೆಲಸವೇ. ಈಗ ಅದು ಉಂಗುರ. ತುದಿ ಇಲ್ಲ. ಅದರ ಮೇಲೆ ನಡೆಯುವ ಇರುವೆಗೆ ಇದೇ ನಡು ಅಂತ ಒಂದು ಜಾಗ ಎಲ್ಲೂ ಸಿಗುವುದಿಲ್ಲ. ಸೊಂಟ ಬರುವ ಖಾಲಿ ಜಾಗ ನಡು ಅಲ್ವಾ ಅಂತ ಕೇಳಬಹುದು. ಆದರೆ ಅದು ಇಲಾಸ್ಟಿಕ್ ಮೇಲಿಲ್ಲ. ಇರುವೆಯ ಲೋಕ ಇಲಾಸ್ಟಿಕ್ ಮಾತ್ರ. ಅದು ಎಷ್ಟು ನಡೆದರೂ ಆ ಖಾಲಿ ಜಾಗಕ್ಕೆ ಹೋಗಲಾರದು. ನಮಗೂ ನಮ್ಮ ವಿಶ್ವದ ಹೊರಗೆ ನಿಂತು ನೋಡುವ ಜಾಗ ಇಲ್ಲ. ವಿಶ್ವ ಉಂಗುರದ ಹಾಗೇ ಸುತ್ತಿಕೊಂಡಿರಬೇಕು ಅಂತಲೂ ಇಲ್ಲ. ಆಚೆಗೂ ಈಚೆಗೂ ಕೊನೆಯೇ ಇಲ್ಲದ ಇಲಾಸ್ಟಿಕ್ ಅಂದುಕೊಂಡರೂ ನಡು ಸಿಗುವುದಿಲ್ಲ. ಎರಡು ರೀತಿಯಲ್ಲೂ ಉತ್ತರ ಒಂದೇ.

ಮಹಾಸ್ಫೋಟಕ್ಕೆ ಜಾಗ ಹುಡುಕುವವರನ್ನು ನಾನು ದೂರುವುದಿಲ್ಲ. ನಮ್ಮ ಕಡೆ ಯಾರಾದರೂ ಹೊಸಬರು ಬಂದರೆ ಹೆಸರಿಗಿಂತ ಮೊದಲು "ಯಾವೂರ್ರಿ ನಿಮ್ಮದು?" ಅಂತ ಕೇಳುತ್ತೇವೆ. ಎಲ್ಲದಕ್ಕೂ ಒಂದು ಊರು ಇರಬೇಕು ನಮಗೆ. ಮಲಪ್ರಭೆಗೆ ಖಾನಾಪುರ ತಾಲ್ಲೂಕಿನ ಕಣಕುಂಬಿ ಇದೆ. ಕೃಷ್ಣೆಗೆ ಮಹಾಬಳೇಶ್ವರ ಇದೆ. ಅವೆರಡೂ ಕೂಡುವ ಕೂಡಲಸಂಗಮ ನಮ್ಮ ತಾಲ್ಲೂಕಿನ ಪಕ್ಕದಲ್ಲೇ ಇದೆ. ಹೊಳೆ ಹುಟ್ಟುವುದಕ್ಕೆ ಮೊದಲೇ ನೆಲ ಇರುತ್ತದೆ, ಹೀಗಾಗಿ ಹೊಳೆಗೆ ಹುಟ್ಟೂರು ಇರುತ್ತದೆ. ವಿಶ್ವ ಹುಟ್ಟುವ ಮೊದಲು ಊರು ಎಲ್ಲಿತ್ತು? ಊರುಗಳೆಲ್ಲ ಅದರೊಳಗೇ ಆಮೇಲೆ ಆದದ್ದು.

ಇದೆಲ್ಲ ಬರೀ ಲೆಕ್ಕ, ಬರೀ ಇಲಾಸ್ಟಿಕ್ ಅಂತ ಯಾರಾದರೂ ಅಂದರೆ, ಸಾಕ್ಷಿಯೂ ಇದೆ. ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟಿವಿ ಇತ್ತು. ಮಾಳಿಗೆ ಮೇಲೆ ಆಂಟೆನಾ. ಗಾಳಿ ಬೀಸಿದರೆ ಚಿತ್ರ ಹೋಗಿ ಬರೀ ಚುಕ್ಕೆಗಳು, ಸರ್ ಅಂತ ಸದ್ದು. ಅಪ್ಪ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಾ "ಬಂತೇನು?" ಅಂತ ಕೂಗುತ್ತಿದ್ದರು. ನಾನು ಬಾಗಿಲಲ್ಲಿ ನಿಂತು "ಇನ್ನೂ ಇಲ್ಲ, ಇನ್ನೂ ಸ್ವಲ್ಪ ಆ ಕಡೆ" ಅಂತ ಕೂಗುತ್ತಿದ್ದೆ. ಆ ಚುಕ್ಕೆಗಳಲ್ಲಿ ಒಂದು ಸಣ್ಣ ಪಾಲು, ನೂರರಲ್ಲಿ ಒಂದರಷ್ಟು, ವಿಶ್ವದ ಬಾಲ್ಯದಿಂದ ಹೊರಟು ಬಂದ ಬೆಳಕಿನದು ಅಂತ ಪಿಯುಸಿಯಲ್ಲಿ ನಮ್ಮ ಫಿಸಿಕ್ಸ್ ಲೆಕ್ಚರರ್ ಹೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಆಂಟೆನಾವನ್ನು ಯಾವ ಕಡೆ ತಿರುಗಿಸಿದರೂ ಆ ಪಾಲು ಬರುತ್ತಲೇ ಇತ್ತು. ಯಾಕೆಂದರೆ ಅದು ಎಲ್ಲ ದಿಕ್ಕಿನಿಂದಲೂ ಬರುತ್ತದೆ.

ಇದನ್ನು ಮೊದಲು ಹಿಡಿದವರು ಅರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ದೊಡ್ಡ ಕೊಂಬಿನಾಕಾರದ ಆಂಟೆನಾ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಸಣ್ಣದೊಂದು ಗೊರಗೊರ ಸದ್ದು ಹೋಗುತ್ತಲೇ ಇರಲಿಲ್ಲ. ಆಕಾಶದ ಯಾವ ಕಡೆ ತಿರುಗಿಸಿದರೂ ಇತ್ತು, ಹಗಲೂ ಇತ್ತು, ರಾತ್ರಿಯೂ ಇತ್ತು. ಆಂಟೆನಾ ಒಳಗೆ ಪಾರಿವಾಳ ಗೂಡು ಕಟ್ಟಿದ್ದವು. ಅವುಗಳನ್ನು ಓಡಿಸಿ, ಹಿಕ್ಕೆ ತೊಳೆದರು. ಆದರೂ ಸದ್ದು ಹೋಗಲಿಲ್ಲ. ಕೊನೆಗೆ ಗೊತ್ತಾಯಿತು, ಅದು ವಿಶ್ವ ಶುರುವಾದ ಸುಮಾರು 3 ಲಕ್ಷ 80 ಸಾವಿರ ವರ್ಷಕ್ಕೆ ಹೊರಟ ಬೆಳಕು. ಆಗ ವಿಶ್ವ ಸುಮಾರು 3,000 ಡಿಗ್ರಿ ಕಾದಿತ್ತು. ಜಾಗ ಹಿಗ್ಗುತ್ತಾ ಹಿಗ್ಗುತ್ತಾ ಆ ಬೆಳಕಿನ ಅಲೆಯೂ ಎಳೆದು ಉದ್ದವಾಗಿ, ಆಂಟೆನಾಕ್ಕೆ ಸಿಗುವ ರೇಡಿಯೋ ಅಲೆಯಾಗಿ, ತಣ್ಣಗಾಗಿ, ಈಗ ಮೈನಸ್ 270 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದೆ. 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮೇಲೆ 1989ರಲ್ಲಿ ಕೋಬೆ, 2001ರಲ್ಲಿ ಡಬ್ಲ್ಯುಮ್ಯಾಪ್, 2009ರಲ್ಲಿ ಪ್ಲ್ಯಾಂಕ್ ಅನ್ನುವ ಉಪಗ್ರಹಗಳು ಹೋಗಿ ಇಡೀ ಆಕಾಶದಲ್ಲಿ ಇದನ್ನು ಅಳೆದವು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ ಅಂತ ನಾವು ಇಂದು ಹೇಳುವುದು ಇಂಥ ಅಳತೆಗಳಿಂದಲೇ.

ಇಲ್ಲಿ ಒಂದು ಮಾತು ಗಮನಿಸಿ. ನಿಮ್ಮ ಪುಟದ ಚಿತ್ರದ ಹಾಗೆ ಎಲ್ಲೋ ಒಂದು ಕಡೆ ಬೆಂಕಿ ಉಂಡೆ ಸಿಡಿದಿದ್ದರೆ ಅದರ ಬೆಳಕು ಆ ಒಂದೇ ದಿಕ್ಕಿನಿಂದ ಬರಬೇಕಿತ್ತು. ಕ್ವಾರಿಯ ಸದ್ದು ಕ್ವಾರಿ ಇರುವ ಕಡೆಯಿಂದಲೇ ಬರುತ್ತದೆ ಅಲ್ವಾ? ಆದರೆ ಈ ಬೆಳಕು ಪೂರ್ವದಿಂದಲೂ ಅಷ್ಟೇ, ಪಶ್ಚಿಮದಿಂದಲೂ ಅಷ್ಟೇ, ತಲೆ ಮೇಲಿನಿಂದಲೂ ಅಷ್ಟೇ. ದಿಕ್ಕಿನಿಂದ ದಿಕ್ಕಿಗೆ ಇರುವ ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲಿನಷ್ಟು. ನಮ್ಮ ಸೂರ್ಯ ಈ ಬೆಳಕಿಗೆ ಹೋಲಿಸಿದರೆ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವುದರಿಂದ ಎದುರಿನ ಕಡೆ ಒಂಚೂರು ಬೆಚ್ಚಗೆ, ಹಿಂದಿನ ಕಡೆ ಒಂಚೂರು ತಂಪಾಗಿ ಕಾಣುತ್ತದೆ. ಅದು ನಮ್ಮ ಓಟದ ಲೆಕ್ಕ, ಅದನ್ನು ಕಳೆದೇ ಈ ಮಾತು ಹೇಳುವುದು. ಎಲ್ಲ ದಿಕ್ಕಿನಿಂದ ಒಂದೇ ಸಮ ಬರುತ್ತಿದೆ ಅಂದರೆ ಎಲ್ಲ ಕಡೆಯೂ ಅದು ನಡೆದಿದೆ.

"ಮೊದಲು ಎಲ್ಲ ಒಂದು ಸಾಸಿವೆ ಕಾಳಿನಷ್ಟಿತ್ತು ಅಂತ ಓದೇವಿ, ಅದು ಒಂದು ಜಾಗ ಅಲ್ಲೇನು?" ಅಂತ ಪಕ್ಕದ ಮನೆಯ ಕಾಲೇಜು ಹುಡುಗ ಕೇಳಿದ. ಬಹಳ ಜನ ಎಡವುವುದು ಈ ಮಾತಿನಲ್ಲೇ. ಸಾಸಿವೆಯಷ್ಟಿತ್ತು ಅನ್ನುವುದು ಇವತ್ತು ನಮಗೆ ಕಾಣುವ ವಿಶ್ವದ ಪಾಲಿನ ಬಗ್ಗೆ ಹೇಳಿದ ಮಾತು. ಜಾಗ ಹಿಗ್ಗುತ್ತಲೇ ಬಂದದ್ದರಿಂದ ಆ ಪಾಲಿನ ಅಂಚು ಈಗ ನಮ್ಮಿಂದ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರ ಇದೆ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ ಒಂದು ಜ್ಯೋತಿರ್ವರ್ಷ). ಅದಷ್ಟೂ ಒಂದು ಕಾಲಕ್ಕೆ ಬಹಳ ಸಣ್ಣದಾಗಿ ಒತ್ತಿಕೊಂಡಿತ್ತು. ಆದರೆ ಆ ಸಾಸಿವೆಯ ಸುತ್ತ ಖಾಲಿ ಬಯಲು ಇರಲಿಲ್ಲ. ಅದರ ಪಕ್ಕದಲ್ಲೂ ಅಷ್ಟೇ ಒತ್ತಾದ, ಅಷ್ಟೇ ಬಿಸಿಯಾದ ವಿಶ್ವವೇ ಇತ್ತು. ಮೊಟ್ಟಮೊದಲ ಕ್ಷಣ ಹೇಗಿತ್ತು ಅನ್ನುವುದು ವಿಜ್ಞಾನಿಗಳಿಗೂ ಇನ್ನೂ ಬಗೆಹರಿದಿಲ್ಲ. ಆದರೆ ನಡು ಎಲ್ಲಿ ಅನ್ನುವ ಪ್ರಶ್ನೆಗೆ ಅದನ್ನು ಕಾಯಬೇಕಾಗಿಲ್ಲ.

ಇನ್ನೊಬ್ಬರು ಜಂಪರ್ ಅಳತೆ ಕೊಡಲು ಬಂದವರು ಇದೆಲ್ಲ ಕೇಳಿ, "ಹಂಗಾರ ಇಳಕಲ್‌ಗೂ ಹುನಗುಂದಕ್ಕೂ ನಡುವ ದೂರ ಹೆಚ್ಚಾಗಾಕತ್ತೇತೇನ್ರಿ ಅಕ್ಕಾರ?" ಅಂದರು. ಇಲ್ಲ. ಇಲಾಸ್ಟಿಕ್ ಮೇಲೆ ಒಂದೆರಡು ಗುಂಡಿ ಹಚ್ಚಿ ಎಳೆದು ನೋಡಿ. ಗುಂಡಿ ಗುಂಡಿಯ ನಡುವೆ ಜಾಗ ಹಿಗ್ಗುತ್ತದೆ, ಗುಂಡಿ ಹಿಗ್ಗುವುದಿಲ್ಲ. ಭೂಮಿ, ಸೂರ್ಯ, ನಮ್ಮ ಕ್ಷೀರಪಥ ಎಲ್ಲ ಗುಂಡಿಯ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿವೆ. ನೆರೆಯ ದೊಡ್ಡ ಗೆಲಾಕ್ಸಿ ಆಂಡ್ರೊಮೆಡಾ 25 ಲಕ್ಷ ಜ್ಯೋತಿರ್ವರ್ಷ ದೂರ ಇದ್ದರೂ ಗುರುತ್ವದ ಸೆಳೆತಕ್ಕೆ ನಮ್ಮ ಕಡೆಗೇ ಬರುತ್ತಿದೆ. ಹಿಗ್ಗುವುದು ಅದಕ್ಕಿಂತ ಬಹಳ ದೊಡ್ಡ ದೂರಗಳಲ್ಲಿ.

"ಬಿಗ್ ಬ್ಯಾಂಗ್" ಅನ್ನುವ ಹೆಸರು ಇಟ್ಟವರೇ ಈ ಸಿದ್ಧಾಂತ ಒಪ್ಪಿರಲಿಲ್ಲ ಅನ್ನುವುದನ್ನೂ ನಿಮ್ಮ ಓದುಗರಿಗೆ ಹೇಳಬೇಕು. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡುತ್ತಾ ಈ ಶಬ್ದ ಬಳಸಿದರು. ವಿಶ್ವಕ್ಕೆ ಆದಿಯೇ ಇಲ್ಲ, ಹಿಗ್ಗಿದ ಹಾಗೆ ಹೊಸ ವಸ್ತು ಹುಟ್ಟಿ ತುಂಬಿಕೊಳ್ಳುತ್ತದೆ ಅನ್ನುವುದು ಅವರ ವಾದ. ಕೇಂಬ್ರಿಜ್‌ನಲ್ಲಿ ಅವರ ಶಿಷ್ಯರಾಗಿ, ಆಮೇಲೆ ಜೊತೆಗಾರರಾಗಿ ದುಡಿದವರು ನಮ್ಮ ಜಯಂತ ನಾರ್ಳೀಕರ್. 1938ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದವರು, 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ತೀರಿಕೊಂಡರು. ಕೊಲ್ಲಾಪುರ ನಮಗೇನೂ ಪರಕೀಯವಲ್ಲ, ನಮ್ಮೂರ ಸೀರೆಗಳು ಅಲ್ಲಿಗೂ ಹೋಗುತ್ತವೆ. ಅವರು ಮಹಾಸ್ಫೋಟವನ್ನು ಕೊನೆತನಕ ಪ್ರಶ್ನಿಸಿದರು. ಹೆಚ್ಚಿನ ವಿಜ್ಞಾನಿಗಳು ಇನ್ನೊಂದು ಪಕ್ಷದಲ್ಲೇ ಇದ್ದಾರೆ. ಆದರೆ ಎರಡೂ ಪಕ್ಷದವರು ಒಪ್ಪಿದ ಮಾತು ಒಂದಿತ್ತು: ವಿಶ್ವ ಹಿಗ್ಗುತ್ತಿದೆ, ಅದಕ್ಕೆ ನಡು ಇಲ್ಲ. ಅಷ್ಟು ದೊಡ್ಡ ವಾದದಲ್ಲೂ ಯಾರೂ ಕೇಳದ "ಕೇಂದ್ರಬಿಂದು" ನಮ್ಮ ರಸಪ್ರಶ್ನೆಯ ಕಾರ್ಡಿಗೆ ಎಲ್ಲಿಂದ ಬಂತೋ ನನಗೆ ತಿಳಿಯುತ್ತಿಲ್ಲ.

ನಾನು ಕೇಳುವುದು ಎರಡೇ. ರಸಪ್ರಶ್ನೆ ನಡೆಸುವವರು ದಯವಿಟ್ಟು ಕಾರ್ಡನ್ನು ಗೊತ್ತಿದ್ದವರಿಂದ ಒಮ್ಮೆ ಓದಿಸಿ. ಮಗು ಕಾರ್ಡಿನಲ್ಲಿ ಇಲ್ಲದ ಉತ್ತರ ಹೇಳಿದರೆ, ತಪ್ಪು ಅನ್ನುವ ಮೊದಲು "ಯಾಕವ್ವಾ ಹಾಗಂದೆ?" ಅಂತ ಒಂದು ಮಾತು ಕೇಳಿ. ನನ್ನ ಮಗಳ ಹತ್ತಿರ ಕಾರಣ ಇತ್ತು, ಕೇಳುವವರು ಇರಲಿಲ್ಲ. ಅವತ್ತು ನಕ್ಕ ಮಕ್ಕಳಲ್ಲಿ ಬಹಳ ಮಂದಿಗೆ ಅದು ನಿಜ ಅಂತ ತಿಳಿದಿದ್ದರೆ ಅವರೂ ಬೆರಗಾಗುತ್ತಿದ್ದರು. ಆ ಬೆರಗು ಅವರಿಗೆ ಸಿಗದೇ ಹೋಯಿತಲ್ಲ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ.

ಎರಡನೆಯದು ನಿಮಗೆ. ವಿದ್ಯಾರ್ಥಿ ಪುಟದಲ್ಲಿ ಆ ಚಿತ್ರವನ್ನು ತಿದ್ದಿ ಇನ್ನೊಮ್ಮೆ ಹಾಕಿ. ಬಾಣದ ಗುರುತು ತೆಗೆಯಿರಿ. ಸುತ್ತಲಿನ ಕಪ್ಪು ಖಾಲಿ ಜಾಗವನ್ನೂ ತೆಗೆಯಿರಿ, ಇಡೀ ಪುಟದ ತುಂಬಾ, ಅಂಚಿನವರೆಗೂ ಬೆಳಕೇ ಇರಲಿ. ನಿಮ್ಮ ಚಿತ್ರಕಾರರಿಗೆ ಅನುಕೂಲವಾಗಲಿ ಅಂತ ಆ ಇಲಾಸ್ಟಿಕ್ ತುಂಡನ್ನೂ ಲಕೋಟೆಯಲ್ಲಿ ಇಟ್ಟಿದ್ದೇನೆ. ಉಂಗುರದ ಹೊಲಿಗೆ ನನ್ನದು. ಗೆರೆ, ಅಕ್ಷರ ನನ್ನ ಮಗಳದು. ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಎಳೆದು ನೋಡಿ.

ಇಂತಿ ನಿಮ್ಮ ಓದುಗಿ,
ಇಳಕಲ್, ಬಾಗಲಕೋಟೆ ಜಿಲ್ಲೆ